ಹಿಮದ ಹಾದಿಯ ಸಾರಥಿ ಲಿಯೊನಾರ್ಡ್ ಸೆಪ್ಪಾಲ



ಕ್ರೀಡಾಕೂಟದ ದಿನ ನಡೆಯುವ ರಿಲೇ ಓಟವನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲ ಮೂವರು ಎಷ್ಟೇ ಜೋರಾಗಿ ಓಡಿದರೂ ಎಲ್ಲರ ಕಣ್ಣು ಕೊನೆಯವನ ಮೇಲೆ ಇರುತ್ತದೆ. ಗೆರೆ ದಾಟುವವನು ಅವನು, ಫೋಟೊದಲ್ಲಿ ಬರುವವನು ಅವನು. ಎರಡನೆಯವನಾಗಿ ಓಡಿದ ಹುಡುಗನ ಹೆಸರು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಸುಮಾರು ನೂರು ವರ್ಷಗಳ ಹಿಂದೆ, 1925ರಲ್ಲಿ, ಅಲಾಸ್ಕದ ಹಿಮದಲ್ಲಿ ಇಂಥದ್ದೇ ಒಂದು ರಿಲೇ ನಡೆಯಿತು. ಅಲ್ಲಿ ಕೈಯಿಂದ ಕೈಗೆ ಹೋದದ್ದು ಕೋಲಲ್ಲ, ಮಕ್ಕಳ ಪ್ರಾಣ ಉಳಿಸುವ ಔಷಧ. ಅದನ್ನು ಎಳೆದುಕೊಂಡು ಓಡಿದ್ದು ನಾಯಿಗಳು. ಆ ರಿಲೇಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ, ಎಲ್ಲಕ್ಕಿಂತ ಅಪಾಯದ ಹಾದಿಯಲ್ಲಿ ಹೋದವನು ಲಿಯೊನಾರ್ಡ್ ಸೆಪ್ಪಾಲ. ಆದರೆ ಓಟ ಮುಗಿದಾಗ ಜಗತ್ತು ಚಪ್ಪಾಳೆ ತಟ್ಟಿದ್ದು ಬೇರೆಯವರಿಗೆ. ಅವನ ಬದುಕಿನ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಈ ಲೇಖನ ಬರೆದಿದ್ದೇನೆ.

ಸೆಪ್ಪಾಲ ಹುಟ್ಟಿದ್ದು 1877ರ ಸೆಪ್ಟೆಂಬರ್ 14ರಂದು, ನಾರ್ವೆ ದೇಶದ ಉತ್ತರ ತುದಿಯ ಸ್ಕಿಬೊಟ್ನ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಕಾಣದ ಸೀಮೆ ಅದು. ಮನೆತನ ಫಿನ್ಲೆಂಡ್ ಮೂಲದ್ದು. ತಂದೆ ಕಮ್ಮಾರ ಮತ್ತು ಮೀನುಗಾರ. ಮಕ್ಕಳಲ್ಲಿ ಲಿಯೊನಾರ್ಡನೇ ಹಿರಿಯವನು. ಆದ್ದರಿಂದ ಚಿಕ್ಕ ವಯಸ್ಸಿನಲ್ಲೇ ತಂದೆಯ ಜೊತೆ ಸಮುದ್ರಕ್ಕೆ ಹೋಗುವುದು, ಕುಲುಮೆಯ ಮುಂದೆ ಸುತ್ತಿಗೆ ಹಿಡಿಯುವುದು ಅವನ ಪಾಲಿಗೆ ಬಂತು. ಆಳು ಕುಳ್ಳ, ಮೈ ತೆಳು. ಆದರೆ ದಣಿವು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅಲಾಸ್ಕದ ಪಶ್ಚಿಮ ಕರಾವಳಿಯ ನೋಮ್ ಎಂಬಲ್ಲಿ 1898ರಲ್ಲಿ ಚಿನ್ನ ಸಿಕ್ಕಿತು. ಅದನ್ನು ಕಂಡುಹಿಡಿದ ಮೂವರಲ್ಲಿ ಒಬ್ಬನಾದ ಯಾಫೆಟ್ ಲಿಂಡೆಬರ್ಗ್ ಸೆಪ್ಪಾಲನ ಸ್ನೇಹಿತ. ಅವನ ಮಾತು ಕೇಳಿ ಸೆಪ್ಪಾಲ 1900ರಲ್ಲಿ ಹಡಗು ಹತ್ತಿದ. ಬಂದವರೆಲ್ಲ ಚಿನ್ನದ ಕನಸು ಕಂಡು ಬಂದವರೇ. ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೂಲಿ ಮಾತ್ರ. ಸೆಪ್ಪಾಲನಿಗೂ ಹಾಗೆಯೇ ಆಯಿತು. ಲಿಂಡೆಬರ್ಗನ ಗಣಿ ಕಂಪನಿಯಲ್ಲಿ ಅವನು ಕೆಲಸಕ್ಕೆ ಸೇರಿದ. ಅಲ್ಲಿ ಸಾಮಾನು ಸಾಗಿಸಲು ಅವನ ಕೈಗೆ ನಾಯಿಗಳ ಜಾರುಬಂಡಿ ಬಂತು. ಅವನ ಚಿನ್ನ ಇದ್ದದ್ದು ಅಲ್ಲೇ.

ಜಾರುಬಂಡಿ ಓಡಿಸುವುದು ಎಂದರೇನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಹೊರಗಿನಿಂದ ನೋಮ್‌ಗೆ ಬರಲು ರಸ್ತೆಯೂ ಇರಲಿಲ್ಲ, ರೈಲೂ ಇರಲಿಲ್ಲ. ಅಕ್ಟೋಬರ್ ಕಳೆದರೆ ಸಮುದ್ರವೇ ಹೆಪ್ಪುಗಟ್ಟಿ ಹಡಗು ನಿಂತುಹೋಗುತ್ತಿತ್ತು. ಮುಂದಿನ ಬೇಸಿಗೆಯವರೆಗೆ ಅಂಚೆ, ಆಹಾರ, ರೋಗಿಗಳು, ಎಲ್ಲವೂ ನಾಯಿಗಳ ಬಂಡಿಯಲ್ಲೇ ಹೋಗಬೇಕು. ಬಂಡಿ ಓಡಿಸುವವನನ್ನು ಮಶರ್ ಎನ್ನುತ್ತಾರೆ. ಎತ್ತಿನ ಗಾಡಿಗೆ ಹಗ್ಗ ಇರುವಂತೆ ಇಲ್ಲಿ ಕಡಿವಾಣ ಇರುವುದಿಲ್ಲ. ಬಲಕ್ಕೆ ಹೋಗು, ಎಡಕ್ಕೆ ಹೋಗು, ನಿಲ್ಲು, ಎಲ್ಲವನ್ನೂ ಬಾಯಿಯಲ್ಲೇ ಹೇಳಬೇಕು. ಆ ಮಾತನ್ನು ಕೇಳಿ ಇಡೀ ತಂಡವನ್ನು ನಡೆಸುವುದು ಎಲ್ಲಕ್ಕಿಂತ ಮುಂದೆ ಕಟ್ಟಿದ ನಾಯಿ. ಹಿಮದ ಬಿರುಗಾಳಿಯಲ್ಲಿ ಮನುಷ್ಯನಿಗೆ ತನ್ನ ಕೈಯೇ ಕಾಣದಿದ್ದಾಗ, ದಾರಿಯನ್ನು ವಾಸನೆ ಹಿಡಿದು ಹುಡುಕುವುದೂ ಆ ಮುಂದಾಳು ನಾಯಿಯೇ. ಅದು ತಪ್ಪಿದರೆ ಎಲ್ಲರೂ ಸತ್ತಂತೆ.

1907ರಲ್ಲಿ ನೋಮ್ ಜನ ಸೇರಿ ನೋಮ್ ಕೆನ್ನೆಲ್ ಕ್ಲಬ್ ಎಂಬ ಸಂಘ ಕಟ್ಟಿದರು. ವಕೀಲ ಆಲ್ಬರ್ಟ್ ಫಿಂಕ್, ಸ್ಕಾಟ್ಲೆಂಡಿನಿಂದ ಬಂದಿದ್ದ ಪ್ರಸಿದ್ಧ ಮಶರ್ ಸ್ಕಾಟಿ ಅಲನ್ ಇದರ ಮುಂದಾಳುಗಳು. ನಾಯಿಗಳ ತಳಿ ಮತ್ತು ಆರೈಕೆ ಸುಧಾರಿಸಬೇಕು ಎಂಬುದು ಅವರ ಆಸೆ. ಮರುವರ್ಷ ಅವರು ಆಲ್ ಅಲಾಸ್ಕ ಸ್ವೀಪ್‌ಸ್ಟೇಕ್ಸ್ ಎಂಬ ಪಂದ್ಯ ಶುರು ಮಾಡಿದರು. ನೋಮ್‌ನಿಂದ ಕ್ಯಾಂಡಲ್ ಎಂಬ ಊರಿಗೆ ಹೋಗಿ ಮರಳುವುದು, ಒಟ್ಟು 408 ಮೈಲಿ, ಅಂದರೆ ಸುಮಾರು 656 ಕಿಲೋಮೀಟರ್. ಈ ಪಂದ್ಯದ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು. ಹೊರಟಾಗ ಎಷ್ಟು ನಾಯಿಗಳಿದ್ದವೋ ಅಷ್ಟನ್ನೂ ಮರಳಿ ತರಬೇಕು. ಒಂದು ನಾಯಿ ಓಡಲಾರದೆ ಕುಸಿದರೆ ಅದನ್ನು ಬಂಡಿಯಲ್ಲಿ ಮಲಗಿಸಿಕೊಂಡು ತರಬೇಕು. ದಾರಿಯಲ್ಲಿ ಬಿಟ್ಟು ಬಂದವನಿಗೆ ಗೆಲುವಿಲ್ಲ.

1913ರಲ್ಲಿ ಸೆಪ್ಪಾಲನ ಅದೃಷ್ಟ ತಿರುಗಿತು. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ರೋಆಲ್ಡ್ ಅಮುಂಡ್ಸನ್ ಉತ್ತರ ಧ್ರುವದ ಕಡೆ ಹೊರಡಲಿದ್ದ. ಅವನಿಗೆ ಕಾಣಿಕೆಯಾಗಿ ಕೊಡಲು ಲಿಂಡೆಬರ್ಗ್ ಸೈಬೀರಿಯದಿಂದ ನಾಯಿಮರಿಗಳನ್ನು ತರಿಸಿದ. ಅವುಗಳನ್ನು ಪಳಗಿಸುವ ಕೆಲಸ ಸೆಪ್ಪಾಲನಿಗೆ ಸಿಕ್ಕಿತು. ಅಮುಂಡ್ಸನ್ ಯಾತ್ರೆ ರದ್ದಾಯಿತು, ನಾಯಿಗಳು ಸೆಪ್ಪಾಲನ ಹತ್ತಿರವೇ ಉಳಿದವು. ಅವು ಅಲಾಸ್ಕದ ಭಾರಿ ನಾಯಿಗಳಿಗಿಂತ ಚಿಕ್ಕವು. ನೋಡಿದವರು ನಗುತ್ತಿದ್ದರು. ಆದರೆ ಅವು ಹಗುರವಾಗಿ, ಸಲೀಸಾಗಿ, ದೂರದವರೆಗೆ ಓಡುತ್ತಿದ್ದವು.

1914ರಲ್ಲಿ ಅವನು ಆ ನಾಯಿಗಳೊಂದಿಗೆ ಮೊದಲ ಬಾರಿ ಪಂದ್ಯಕ್ಕೆ ಇಳಿದ. ಬಿರುಗಾಳಿಯಲ್ಲಿ ದಾರಿ ತಪ್ಪಿ ಸಮುದ್ರದ ಮೇಲಿನ ಕಡಿದಾದ ಬಂಡೆಯ ಅಂಚಿಗೆ ಹೋಗಿಬಿಟ್ಟ. ಹೇಗೋ ತಂಡವನ್ನು ಹಿಂದಕ್ಕೆ ತಿರುಗಿಸಿದ. ಆದರೆ ನಾಯಿಗಳ ಪಾದಗಳು ಸೀಳಿ, ಹಿಮದಿಂದ ಗಾಯವಾಗಿದ್ದವು. ಅವನು ಪಂದ್ಯವನ್ನು ಅಲ್ಲೇ ಬಿಟ್ಟ. ಸೋತ ನಾಚಿಕೆಗಿಂತ, ತನ್ನನ್ನು ನಂಬಿದ ಎಳೆಯ ನಾಯಿಗಳಿಗೆ ನೋವು ಕೊಟ್ಟೆನಲ್ಲ ಎಂಬ ಸಂಕಟವೇ ಅವನಿಗೆ ದೊಡ್ಡದಾಗಿತ್ತು. ಮುಂದಿನ ಚಳಿಗಾಲದಲ್ಲಿ ಯಾರ ಕಣ್ಣಿಗೂ ಬೀಳದಂತೆ ನಾಯಿಗಳಿಗೆ ಅಭ್ಯಾಸ ಮಾಡಿಸಿದ. 1915ರಲ್ಲಿ ಗೆದ್ದ. 1916ರಲ್ಲಿ ಗೆದ್ದ. 1917ರಲ್ಲಿಯೂ ಗೆದ್ದ. ಆಮೇಲೆ ಮಹಾಯುದ್ಧದ ಕಾರಣ ಪಂದ್ಯವೇ ನಿಂತಿತು.

ಇದೇ ಹೊತ್ತಿಗೆ ಅವನ ಮನೆಯಲ್ಲಿ ಒಂದು ಮರಿ ಬೆಳೆಯುತ್ತಿತ್ತು. ಚಿಕ್ಕದು, ಕಾಯಿಲೆಯದು, ತುಂಟ. ಜಪಾನಿನ ನೌಕಾಪಡೆಯ ಅಡ್ಮಿರಲ್ ಟೋಗೊ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಬಂಡಿಗೆ ಇದು ಪ್ರಯೋಜನವಿಲ್ಲ ಎಂದು ಸೆಪ್ಪಾಲ ಅದನ್ನು ಒಬ್ಬರ ಮನೆಗೆ ಸಾಕಲು ಕೊಟ್ಟುಬಿಟ್ಟ. ಟೋಗೊ ಕಿಟಕಿಯ ಗಾಜು ಒಡೆದುಕೊಂಡು ಹಾರಿ, ಮೈಲಿಗಟ್ಟಲೆ ಓಡಿ ಮರಳಿ ಬಂತು. ಕಟ್ಟಿಹಾಕಿದರೆ ಬಿಡಿಸಿಕೊಂಡು ತಂಡದ ಹಿಂದೆ ಬರುತ್ತಿತ್ತು. ಕೊನೆಗೆ ಬೇಸತ್ತು ಎಂಟು ತಿಂಗಳ ಆ ಮರಿಯನ್ನು ಇತರ ನಾಯಿಗಳ ಜೊತೆ ಬಂಡಿಗೆ ಕಟ್ಟಿದ. ಮೊದಲ ದಿನವೇ ಅದು 75 ಮೈಲಿ ಓಡಿತು, ಸಂಜೆಯೊಳಗೆ ತಂಡದ ಮುಂದಕ್ಕೆ ಬಂದಿತ್ತು. ತಾನು ಬೇಡವೆಂದು ಕೊಟ್ಟಿದ್ದ ನಾಯಿಯೇ ಅವನ ಜೀವಮಾನದ ಜೊತೆಗಾರನಾಯಿತು.

ಈಗ 1925ಕ್ಕೆ ಬರೋಣ. ಜನವರಿಯಲ್ಲಿ ನೋಮ್‌ನ ಮಕ್ಕಳಿಗೆ ಡಿಫ್ತೀರಿಯಾ, ನಮ್ಮ ಹಿರಿಯರು ಗಂಟಲಮಾರಿ ಎನ್ನುವ ರೋಗ, ಬಂತು. ಗಂಟಲಿನಲ್ಲಿ ಪೊರೆ ಕಟ್ಟಿ ಮಗು ಉಸಿರುಗಟ್ಟಿ ಸಾಯುವ ರೋಗ ಇದು. ನಾವು ಚಿಕ್ಕವರಿದ್ದಾಗ ಹಾಕಿಸಿಕೊಂಡ ಡಿಪಿಟಿ ಲಸಿಕೆಯ ಮೊದಲ ಅಕ್ಷರ ಇದರದ್ದೇ. ಆ ಲಸಿಕೆಯಿಂದಲೇ ನಮಗೆ ಇದರ ಭಯ ಇಲ್ಲ. ನೋಮ್‌ನಲ್ಲಿ ಇದ್ದದ್ದು ಒಬ್ಬರೇ ವೈದ್ಯರು, ಡಾಕ್ಟರ್ ಕರ್ಟಿಸ್ ವೆಲ್ಚ್. ಅವರಲ್ಲಿದ್ದ ಸೀರಂ ಔಷಧದ ಅವಧಿ ಮುಗಿದಿತ್ತು. ಹೊಸದಕ್ಕೆ ಬರೆದಿದ್ದರೂ ಕೊನೆಯ ಹಡಗಿನಲ್ಲಿ ಅದು ಬಂದಿರಲಿಲ್ಲ. 1918ರ ಇನ್‌ಫ್ಲುಯೆಂಜ ಆ ಸೀಮೆಯ ಮೂಲನಿವಾಸಿಗಳ ಹಳ್ಳಿಗಳನ್ನೇ ಬರಿದು ಮಾಡಿತ್ತು. ಅದು ಮತ್ತೆ ನಡೆಯಬಾರದೆಂದು ಡಾಕ್ಟರ್ ತಂತಿ ಸಂದೇಶಗಳನ್ನು ಕಳಿಸಿದರು.

ಆಂಕರೇಜ್ ಊರಿನ ಆಸ್ಪತ್ರೆಯಲ್ಲಿ ಮೂರು ಲಕ್ಷ ಯೂನಿಟ್ ಸೀರಂ ಸಿಕ್ಕಿತು. ಪೂರ್ತಿ ಊರಿಗೆ ಸಾಲುವಷ್ಟಲ್ಲ, ಆದರೆ ರೋಗವನ್ನು ತಡೆದು ಹಿಡಿಯಲು ಸಾಕು. ಅದನ್ನು ರೈಲಿನಲ್ಲಿ ನೆನಾನ ಎಂಬಲ್ಲಿಯವರೆಗೆ ತರಬಹುದು. ಅಲ್ಲಿಂದ ನೋಮ್‌ಗೆ 674 ಮೈಲಿ, ಅಂದರೆ ಸುಮಾರು 1,085 ಕಿಲೋಮೀಟರ್. ವಿಮಾನ ಕಳಿಸುವ ಮಾತೂ ಬಂತು. ಆದರೆ ಆಗಿನ ವಿಮಾನಗಳಲ್ಲಿ ಪೈಲಟ್ ಕೂರುವ ಜಾಗಕ್ಕೆ ಮೇಲೆ ಮುಚ್ಚಿಗೆಯೂ ಇರಲಿಲ್ಲ, ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಕೊನೆಗೆ ನಾಯಿಗಳನ್ನೇ ನಂಬಬೇಕೆಂದು ತೀರ್ಮಾನವಾಯಿತು.

ನೋಮ್ ಕಡೆಯಿಂದ ಹೊರಡಲು ಎಲ್ಲರ ಬಾಯಲ್ಲಿ ಬಂದದ್ದು ಒಂದೇ ಹೆಸರು, ಸೆಪ್ಪಾಲ. ಅವನಿಗೆ ಆಗ 47 ವರ್ಷ. ಟೋಗೊಗೆ 12, ನಾಯಿಗಳ ಲೆಕ್ಕದಲ್ಲಿ ಮುದುಕ. ಊರಿನಲ್ಲಿ ರೋಗ ಇತ್ತು, ಮನೆಯಲ್ಲಿ ಎಂಟು ವರ್ಷದ ಒಬ್ಬಳೇ ಮಗಳು ಸಿಗ್ರಿಡ್ ಇದ್ದಳು. ಅವಳನ್ನೂ ಪತ್ನಿ ಕಾನ್‌ಸ್ಟನ್ಸ್‌ಳನ್ನೂ ಬಿಟ್ಟು ಅವನು 20 ನಾಯಿಗಳೊಂದಿಗೆ ಹೊರಟ. ನುಲಾಟೊವರೆಗೆ ಹೋಗಿ ಔಷಧ ತರುವುದು ಅವನಿಗೆ ಹೇಳಿದ್ದ ಕೆಲಸ. ಅವನು ಹೊರಟ ಮೇಲೆ ಗವರ್ನರ್ ಸ್ಕಾಟ್ ಬೋನ್ ಅವರು ರಿಲೇಗೆ ಇನ್ನಷ್ಟು ಜನರನ್ನು ಸೇರಿಸಿದರು. ದಾರಿಯಲ್ಲಿದ್ದ ಸೆಪ್ಪಾಲನಿಗೆ ಅದು ತಿಳಿಯುವ ಉಪಾಯವೇ ಇರಲಿಲ್ಲ.

ಜನವರಿ 31ರಂದು ಅವನು ನಾರ್ಟನ್ ಸೌಂಡ್ ಎಂಬ ಕೊಲ್ಲಿಯನ್ನು ದಾಟಿದ. ಅದು ಹೆಪ್ಪುಗಟ್ಟಿದ ಸಮುದ್ರ. ದಡ ಬಳಸಿ ಹೋದರೆ ಒಂದು ದಿನ ಹೆಚ್ಚು ಬೇಕು, ನೇರ ದಾಟಿದರೆ ಯಾವ ಗಳಿಗೆಯಲ್ಲಾದರೂ ಮಂಜುಗಡ್ಡೆ ಒಡೆದು ಸಮುದ್ರಕ್ಕೆ ತೇಲಿಹೋಗಬಹುದು. ದಾಟಿದ ಮೇಲೆ ಶಾಕ್ಟೂಲಿಕ್ ಹತ್ತಿರ ಒಂದು ಬಂಡಿ ನಿಂತಿತ್ತು. ಹೆನ್ರಿ ಇವನಾಫ್ ಎಂಬ ಮಶರ್‌ನ ನಾಯಿಗಳು ಹಿಮಸಾರಂಗವನ್ನು ಕಂಡು ಗೋಜಲು ಮಾಡಿಕೊಂಡಿದ್ದವು. ಸೆಪ್ಪಾಲ ನಿಲ್ಲದೆ ಮುಂದೆ ಹೋಗುತ್ತಿದ್ದ. ಔಷಧ ನನ್ನ ಹತ್ತಿರ ಇದೆ ಎಂದು ಇವನಾಫ್ ಗಾಳಿಯಲ್ಲಿ ಕೂಗಿಕೊಂಡ. ಆ ಕೂಗು ಕಿವಿಗೆ ಬೀಳದಿದ್ದರೆ ಸೆಪ್ಪಾಲ ಔಷಧವನ್ನು ಹಿಂದೆ ಬಿಟ್ಟು ಔಷಧವನ್ನೇ ಹುಡುಕಿಕೊಂಡು ಹೋಗುತ್ತಿದ್ದ.

ಬೆಳಗಿನಿಂದ ಓಡಿದ ನಾಯಿಗಳು. ಎದುರಿನಿಂದ ಬಿರುಗಾಳಿ. ಕತ್ತಲಾಗುತ್ತಿತ್ತು. ವಿಶ್ರಾಂತಿ ತೆಗೆದುಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಸೆಪ್ಪಾಲ ತಂಡವನ್ನು ತಿರುಗಿಸಿ ಅದೇ ಕೊಲ್ಲಿಯನ್ನು ರಾತ್ರಿಯಲ್ಲಿ ಮತ್ತೆ ದಾಟಿದ. ಅವನಿಗೆ ದಾರಿ ಕಾಣಿಸುತ್ತಿರಲಿಲ್ಲ, ಕೆಳಗೆ ಬಿರುಕು ಬಿಡುವ ಸದ್ದೂ ಗಾಳಿಯಲ್ಲಿ ಕೇಳಿಸುತ್ತಿರಲಿಲ್ಲ. ಟೋಗೊ ನೇರವಾಗಿ ಆಚೆ ದಡಕ್ಕೆ ಕರೆದುಕೊಂಡು ಹೋಯಿತು. ಆ ಒಂದು ದಿನದಲ್ಲಿ ಅವರು ಓಡಿದ್ದು 84 ಮೈಲಿ. ಕೆಲವು ಗಂಟೆ ಮಲಗಿ ನಡುರಾತ್ರಿ ಕಳೆದ ಮೇಲೆ ಮತ್ತೆ ಹೊರಟರು. ಬೆಟ್ಟಗಳನ್ನು ಹತ್ತಿ ಇಳಿದು ಗೊಲೊವಿನ್ ತಲುಪಿ, ಔಷಧವನ್ನು ಚಾರ್ಲಿ ಓಲ್ಸನ್‌ಗೆ ಒಪ್ಪಿಸಿದಾಗ ನಾಯಿಗಳಲ್ಲಿ ಶಕ್ತಿ ಉಳಿದಿರಲಿಲ್ಲ. ನೋಮ್‌ನಿಂದ ಹೊರಟಾಗಿನಿಂದ ಅಲ್ಲಿಯವರೆಗೆ ಅವರು ಸುಮಾರು 261 ಮೈಲಿ ಓಡಿದ್ದರು. ಅದರಲ್ಲಿ ಔಷಧ ಹೊತ್ತು ಓಡಿದ್ದು 91 ಮೈಲಿ. ಉಳಿದ ಮಶರ್‌ಗಳಲ್ಲಿ ಹೆಚ್ಚಿನವರ ಪಾಲು 30 ಮೈಲಿಯ ಆಸುಪಾಸು.

ಓಲ್ಸನ್‌ನಿಂದ ಔಷಧ ಗುನ್ನಾರ್ ಕಾಸೆನ್ ಕೈಗೆ ಹೋಯಿತು. ಕಾಸೆನ್ ಬಂಡಿಯ ಮುಂದೆ ಇದ್ದ ನಾಯಿ ಬಾಲ್ಟೊ. ಅದೂ ಸೆಪ್ಪಾಲನ ನಾಯಿಯೇ. ಸಾಮಾನು ಎಳೆಯಲು ಸರಿ, ಮುಂದಾಳು ಆಗಲಾರದು ಎಂದು ಅವನು ಅದನ್ನು ಊರಲ್ಲೇ ಬಿಟ್ಟು ಹೋಗಿದ್ದ. ಆ ಬಾಲ್ಟೊ ಭಯಂಕರ ಗಾಳಿಯಲ್ಲಿ ದಾರಿ ಹುಡುಕಿತು. ಮುಂದಿನ ನಿಲ್ದಾಣದಲ್ಲಿ ಎಡ್ ರೋನ್ ಎಂಬವನು ನಿದ್ರೆಯಲ್ಲಿದ್ದ. ಕಾಸೆನ್ ಅವನನ್ನು ಎಬ್ಬಿಸದೆ ತಾನೇ ಮುಂದುವರಿದು ಫೆಬ್ರವರಿ 2ರ ಬೆಳಗಿನ ಜಾವ ಐದೂವರೆಗೆ ನೋಮ್ ತಲುಪಿದ. 20 ಮಶರ್‌ಗಳು, ಸುಮಾರು 150 ನಾಯಿಗಳು, ಐದೂವರೆ ದಿನ. ಔಷಧ ಹೆಪ್ಪುಗಟ್ಟಿತ್ತು, ಆದರೆ ಒಂದು ಬಾಟಲಿಯೂ ಒಡೆದಿರಲಿಲ್ಲ. ಅಧಿಕೃತ ಲೆಕ್ಕದಲ್ಲಿ ರೋಗದಿಂದ ಸತ್ತವರು ಐದರಿಂದ ಏಳು ಜನ. ಊರು ಉಳಿಯಿತು.

ಆಮೇಲೆ ಪತ್ರಿಕೆಗಳ ಸರದಿ ಬಂತು. ಬಾಲ್ಟೊ ಜಗತ್ಪ್ರಸಿದ್ಧವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಅದರ ಕಂಚಿನ ಪ್ರತಿಮೆ ನಿಂತಿತು. ಟೋಗೊ ಹೆಸರು ಹಿಂದೆ ಬಿತ್ತು. ಸೆಪ್ಪಾಲನಿಗೆ ಇದು ಸಾಯುವವರೆಗೂ ಮರೆಯದ ನೋವಾಯಿತು. ತನಗೆ ಹೊಗಳಿಕೆ ಸಿಗಲಿಲ್ಲ ಎಂದಲ್ಲ, ಟೋಗೊಗೆ ಸಿಗಬೇಕಾದದ್ದು ಸಿಗಲಿಲ್ಲ ಎಂದು.

1926ರಲ್ಲಿ ಅವನು 44 ನಾಯಿಗಳೊಂದಿಗೆ ಅಮೆರಿಕದ ಊರೂರು ಸುತ್ತಿದ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟೋಗೊ ಕೊರಳಿಗೆ ಚಿನ್ನದ ಪದಕ ಹಾಕಿದ್ದು ಬೇರಾರೂ ಅಲ್ಲ, ಅಮುಂಡ್ಸನ್. ಯಾರಿಗಾಗಿ ಆ ಮರಿಗಳ ಹಿರಿಯರನ್ನು ಸೈಬೀರಿಯದಿಂದ ತರಿಸಿದ್ದರೋ ಅವರೇ. ಬಳಿಕ ಮೇಯ್ನ್ ರಾಜ್ಯದ ಪೋಲೆಂಡ್ ಸ್ಪ್ರಿಂಗ್‌ನಲ್ಲಿ ಸೆಪ್ಪಾಲ ಎಲಿಜಬೆತ್ ರಿಕರ್ ಎಂಬ ಮಹಿಳೆಯ ಜೊತೆ ನಾಯಿಗಳ ಸಾಕಣೆ ಶುರು ಮಾಡಿದ. ವಯಸ್ಸಾದ ಟೋಗೊ ಇನ್ನು ಅಲಾಸ್ಕದ ಚಳಿಯಲ್ಲಿ ದುಡಿಯುವುದು ಬೇಡವೆಂದು ಅದನ್ನು ಅಲ್ಲೇ ಬಿಟ್ಟು ಬಂದ. 1929ರ ಡಿಸೆಂಬರ್ 5ರಂದು ಟೋಗೊ ತೀರಿಕೊಂಡಿತು. ಮರುವರ್ಷ ಅಮೆರಿಕನ್ ಕೆನ್ನೆಲ್ ಕ್ಲಬ್ ಸೈಬೀರಿಯನ್ ಹಸ್ಕಿ ತಳಿಗೆ ಮಾನ್ಯತೆ ಕೊಟ್ಟಿತು. ಇಂದು ಜಗತ್ತಿನಲ್ಲಿರುವ ಆ ತಳಿಯ ಎಷ್ಟೋ ನಾಯಿಗಳ ವಂಶ ಸೆಪ್ಪಾಲನ ನಾಯಿಮನೆಗೆ ಹೋಗಿ ಮುಟ್ಟುತ್ತದೆ. 1932ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆಂದು ನಡೆದ ಜಾರುಬಂಡಿ ಪಂದ್ಯದಲ್ಲಿ ಅವನು ಎರಡನೆಯವನಾಗಿ ಬಂದ. ಆಗ ಅವನಿಗೆ 54 ವರ್ಷ.

ಇಲ್ಲಿ ಬಾಲ್ಟೊ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಪ್ರತಿಮೆ ಪಡೆದ ಆ ನಾಯಿಯನ್ನು ಕೊನೆಗೆ ಲಾಸ್ ಏಂಜಲೀಸ್‌ನ ಒಂದು ಅಗ್ಗದ ಪ್ರದರ್ಶನ ಮಳಿಗೆಯಲ್ಲಿ ಕಟ್ಟಿಹಾಕಿದ್ದರು. 1927ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಜನ, ಶಾಲೆಯ ಮಕ್ಕಳೂ ಸೇರಿ, ಚಿಲ್ಲರೆ ಕಾಸು ಕೂಡಿಸಿ ಅದನ್ನು ಬಿಡಿಸಿ ತಂದರು. ಬಾಲ್ಟೊ ಏನೂ ತಪ್ಪು ಮಾಡಿರಲಿಲ್ಲ. ಕೊಟ್ಟ ಕೆಲಸವನ್ನು ಮಾಡಿತ್ತು. ಅದರ ಸಾಮರ್ಥ್ಯ ತಿಳಿಯುವುದರಲ್ಲಿ ಸೆಪ್ಪಾಲನೂ ತಪ್ಪಿದ್ದ, ಹಿಂದೆ ಟೋಗೊ ವಿಷಯದಲ್ಲಿ ತಪ್ಪಿದ ಹಾಗೆಯೇ.

ಇನ್ನೊಂದು ಮಾತು. ಸೆಪ್ಪಾಲ ಮತ್ತು ಕಾಸೆನ್ ಹೆಸರಾದರೂ ಪುಸ್ತಕಗಳಲ್ಲಿ ಬಂತು. ಓಡಿದ 20 ಜನರಲ್ಲಿ ಹಲವರು ಅಲಾಸ್ಕದ ಮೂಲನಿವಾಸಿಗಳು. 21 ವರ್ಷದ ಚಾರ್ಲಿ ಇವಾನ್ಸ್ ಎಂಬ ಹುಡುಗನ ಮುಂದಿನ ಎರಡು ನಾಯಿಗಳು ಚಳಿಗೆ ಕುಸಿದವು. ಅವುಗಳನ್ನು ಬಂಡಿಯಲ್ಲಿ ಮಲಗಿಸಿ, ಅವುಗಳ ಜಾಗದಲ್ಲಿ ತಾನೇ ಹಗ್ಗ ಹಿಡಿದು ಬಂಡಿ ಎಳೆದ. ಎರಡೂ ನಾಯಿಗಳು ಸತ್ತವು, ಔಷಧ ಮುಂದೆ ಹೋಯಿತು. ಎಡ್ಗರ್ ನೊಲ್ನರ್, ಟಾಮಿ ಪ್ಯಾಟ್ಸಿ, ಮೈಲ್ಸ್ ಗೊನಾಂಗ್ನನ್, ವಿಕ್ಟರ್ ಅನಾಗಿಕ್, ಈ ಹೆಸರುಗಳನ್ನು ಆಗಿನ ಪತ್ರಿಕೆಗಳು ಹೆಚ್ಚು ಕೇಳಲಿಲ್ಲ. ಅವರಲ್ಲಿ ನೊಲ್ನರ್ 1999ರವರೆಗೆ ಬದುಕಿದ್ದರು. ಟೋಗೊಗೆ ಅನ್ಯಾಯವಾಯಿತು ಎನ್ನುವ ನಾವು ಇವರನ್ನು ಮರೆತರೆ, ಅದೇ ತಪ್ಪನ್ನು ಮತ್ತೆ ಮಾಡಿದಂತೆ.

ಸೆಪ್ಪಾಲ 1967ರ ಜನವರಿ 28ರಂದು, 89ನೇ ವಯಸ್ಸಿನಲ್ಲಿ ಸಿಯಾಟಲ್‌ನಲ್ಲಿ ತೀರಿಕೊಂಡ. ಅವನ ಚಿತಾಭಸ್ಮವನ್ನು ಅಲಾಸ್ಕದ ಇಡಿಟರಾಡ್ ಹಾದಿಯಲ್ಲಿ ಚೆಲ್ಲಿದರು. ಇಂದು ಅದೇ ಹಾದಿಯಲ್ಲಿ ಪ್ರತಿ ವರ್ಷ ನೋಮ್‌ವರೆಗೆ ಜಾರುಬಂಡಿ ಪಂದ್ಯ ನಡೆಯುತ್ತದೆ. ಅಲ್ಲಿ ಸೆಪ್ಪಾಲನ ಹೆಸರಿನಲ್ಲಿ ಒಂದು ಪ್ರಶಸ್ತಿ ಇದೆ. ಅದು ವೇಗವಾಗಿ ಓಡಿದವನಿಗೆ ಅಲ್ಲ, ತನ್ನ ನಾಯಿಗಳನ್ನು ಚೆನ್ನಾಗಿ ನೋಡಿಕೊಂಡವನಿಗೆ. ಟೋಗೊಗೂ 2001ರಲ್ಲಿ ನ್ಯೂಯಾರ್ಕ್‌ನ ಸೀವರ್ಡ್ ಪಾರ್ಕ್‌ನಲ್ಲಿ ಒಂದು ಪ್ರತಿಮೆ ಬಂತು, 76 ವರ್ಷ ತಡವಾಗಿ.

ನಾವು ಕಾಮರ್ಸ್ ವಿದ್ಯಾರ್ಥಿಗಳು ಮೊದಲ ಪಾಠದಲ್ಲೇ ಕಲಿಯುವುದು ಒಂದು: ಯಾರ ಖಾತೆಗೆ ಸೇರಬೇಕೋ ಅವರ ಖಾತೆಗೇ ಜಮಾ ಆಗಬೇಕು. ಒಟ್ಟು ಮೊತ್ತ ಸರಿ ಬಂದರೂ, ಒಬ್ಬರ ಜಮಾ ಇನ್ನೊಬ್ಬರ ಖಾತೆಗೆ ಹೋದರೆ ಲೆಕ್ಕ ತಪ್ಪೇ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಆ ತಪ್ಪು ಕಾಣಿಸುವುದಿಲ್ಲ, ಹುಡುಕಿ ತೆಗೆಯಬೇಕು. ನೋಮ್‌ನ ಮಕ್ಕಳು ಉಳಿದರು, ಅಂದರೆ ಮೊತ್ತ ಸರಿ. ಆದರೆ ಖಾತೆಗಳನ್ನು ಸರಿಪಡಿಸಲು ಇಷ್ಟು ವರ್ಷ ಬೇಕಾಯಿತು, ಇನ್ನೂ ಪೂರ್ತಿ ಆಗಿಲ್ಲ. ಮನೆಯಲ್ಲಿ ನಾವು ಇದನ್ನು ‘ಹಕ್’ ಎನ್ನುತ್ತೇವೆ, ಕನ್ನಡದಲ್ಲಿ ‘ಹಕ್ಕು’. ಎರಡೂ ಒಂದೇ ಮಾತು.

ಮುಂದಿನ ಕ್ರೀಡಾಕೂಟದಲ್ಲಿ ರಿಲೇ ಮುಗಿದಾಗ, ಗೆರೆ ದಾಟಿದವನಿಗೆ ಖಂಡಿತ ಚಪ್ಪಾಳೆ ಹೊಡೆಯೋಣ. ಹಾಗೆಯೇ ಒಮ್ಮೆ ತಿರುಗಿ, ಮೈದಾನದ ಆ ಕಡೆ ಮೂಲೆಯಲ್ಲಿ ಮೊಣಕಾಲಿನ ಮೇಲೆ ಕೈ ಇಟ್ಟು ಏದುಸಿರು ಬಿಡುತ್ತಿರುವ ಎರಡನೆಯವನ ಹೆಸರನ್ನೂ ಕೇಳಿ ತಿಳಿದುಕೊಳ್ಳೋಣ.